ಉತ್ತರ ಗೊತ್ತಿತ್ತು, ಹೆಜ್ಜೆ ಇಡಲಿಲ್ಲ



ಜನವರಿ ತಿಂಗಳು ಬಂತೆಂದರೆ ನಮ್ಮ ಮನೆಗಳಿಗೆ ಎರಡು ಸಂಗತಿಗಳು ಒಟ್ಟಿಗೆ ಬರುತ್ತವೆ. ಒಂದು, ಪ್ರಭು ಪ್ರಕಟಣೆಯ ಹಬ್ಬ. ನಮ್ಮ ಹಿರಿಯರು ಇದನ್ನು ಪ್ರೀತಿಯಿಂದ 'ಮೂರು ರಾಯರ ಹಬ್ಬ' ಎಂದರು. ಇನ್ನೊಂದು, ಎಸ್ಸೆಸ್ಸೆಲ್ಸಿ ಮಕ್ಕಳ ಪೂರ್ವಸಿದ್ಧತಾ ಪರೀಕ್ಷೆಯ ಆತಂಕ. ಮನೆಯ ಗೋದಲಿಯನ್ನು ಇನ್ನೂ ಬಿಚ್ಚಿರುವುದಿಲ್ಲ. ಅದರ ಪಕ್ಕದಲ್ಲೇ ಮಕ್ಕಳು ಗೈಡು ಹಿಡಿದು ಉರು ಹೊಡೆಯಲು ಕುಳಿತಿರುತ್ತಾರೆ. ಹಬ್ಬಕ್ಕೂ ಪರೀಕ್ಷೆಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಹಬ್ಬದ ದಿನ ಓದುವ ಶುಭಸಂದೇಶವೇ ಇದಕ್ಕೆ ಉತ್ತರ ಕೊಡುತ್ತದೆ. ಓದುವುದು ಎಂದರೇನು, ಹುಡುಕುವುದು ಎಂದರೇನು ಎಂಬುದನ್ನು ಸಂತ ಮತ್ತಾಯನು ಹನ್ನೆರಡೇ ವಚನಗಳಲ್ಲಿ ನಮ್ಮ ಮುಂದಿಡುತ್ತಾನೆ.

ಮೂರು ಬಗೆಯ ಓದುಗರು

ಪೂರ್ವ ದೇಶದ ಜ್ಞಾನಿಗಳು ಜೆರುಸಲೇಮಿಗೆ ಬಂದು, ಹುಟ್ಟಿರುವ ಅರಸ ಎಲ್ಲಿದ್ದಾನೆ ಎಂದು ವಿಚಾರಿಸುತ್ತಾರೆ. ಹೆರೋದರಸನು ಗಾಬರಿಗೊಂಡು ಮುಖ್ಯಯಾಜಕರನ್ನೂ ಧರ್ಮಶಾಸ್ತ್ರಿಗಳನ್ನೂ ಕರೆಸಿ ಅದೇ ಪ್ರಶ್ನೆ ಕೇಳುತ್ತಾನೆ. ಅವರು ತಡವರಿಸುವುದಿಲ್ಲ. ಪ್ರವಾದಿ ಮೀಕನ ಗ್ರಂಥದ ಆಧಾರ ಕೊಟ್ಟು, ಊರು ಬೆತ್ಲೆಹೇಮ್ ಎಂದು ಹೇಳಿಬಿಡುತ್ತಾರೆ. ಪರೀಕ್ಷೆಯಾಗಿದ್ದರೆ ಪೂರ್ತಿ ಅಂಕ!

ಆದರೆ ಮುಂದೆ ಏನಾಯಿತು? ಜೆರುಸಲೇಮಿನಿಂದ ಬೆತ್ಲೆಹೇಮಿಗೆ ಸುಮಾರು ಒಂಬತ್ತು ಕಿಲೋಮೀಟರ್. ನಡೆದೇ ಹೋದರೂ ಎರಡು, ಎರಡೂವರೆ ಗಂಟೆಯ ದಾರಿ. ಆ ಪಂಡಿತರಲ್ಲಿ ಒಬ್ಬನಾದರೂ ಎದ್ದು ಹೋಗಿ ನೋಡಿದ ಎಂದು ಮತ್ತಾಯನು ಬರೆದಿಲ್ಲ. ಉತ್ತರ ಅವರ ಬಾಯಲ್ಲಿತ್ತು, ಕಾಲಿಗೆ ಇಳಿಯಲಿಲ್ಲ.

ಹೆರೋದನ ಮಾತು ಇನ್ನೂ ವಿಚಿತ್ರ. ಅವನೂ ಚೆನ್ನಾಗಿ ವಿಚಾರಿಸುತ್ತಾನೆ. ಜ್ಞಾನಿಗಳನ್ನು ಗುಟ್ಟಾಗಿ ಕರೆಸಿ, ನಕ್ಷತ್ರ ಕಾಣಿಸಿದ ಕಾಲ ಯಾವುದೆಂದು ಖಚಿತವಾಗಿ ತಿಳಿದುಕೊಳ್ಳುತ್ತಾನೆ. ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತು, ಕೇಳಿದ ಉದ್ದೇಶ ಕೊಲೆಯಾಗಿತ್ತು. ತನಗೆ ಬೇಕಾದ್ದಕ್ಕೆ ಬಳಸಿಕೊಳ್ಳಲೆಂದೇ ಅವನು ವಿಷಯ ಸಂಗ್ರಹಿಸಿದ.

ಮೂರನೆಯವರು ಜ್ಞಾನಿಗಳು. ಅವರು ಕಂಡದ್ದನ್ನು ಗಮನಿಸಿದರು, ಗೊತ್ತಿಲ್ಲದ್ದನ್ನು ಬಲ್ಲವರಲ್ಲಿ ಕೇಳಿದರು, ಗ್ರಂಥ ಏನು ಹೇಳುತ್ತದೆ ಎಂದು ತಿಳಿದುಕೊಂಡರು, ತಾವೇ ಹೋಗಿ ನೋಡಿದರು. ಕನಸಿನಲ್ಲಿ ಎಚ್ಚರಿಕೆ ಬಂದಾಗ ಅರಸನ ಮಾತಿಗೂ ಕಟ್ಟುಬೀಳದೆ ಬೇರೆ ದಾರಿ ಹಿಡಿದರು.

ಪ್ರಿಯರೇ, ನಮ್ಮ ಮಕ್ಕಳು ಈ ಮೂವರಲ್ಲಿ ಯಾರಂತೆ ಬೆಳೆಯುತ್ತಿದ್ದಾರೆ? ಶೇಕಡಾ ತೊಂಬತ್ತು ಅಂಕ ಬಂದಿತೆಂದು ನಾವು ಸಿಹಿ ಹಂಚುತ್ತೇವೆ, ಹಂಚಬೇಕಾದದ್ದೇ. ಬಾಯಿಪಾಠವೂ ಕೀಳಲ್ಲ. ಮಗ್ಗಿ, ಜಪಗಳು, ಪದ್ಯಗಳು ಬಾಯಿಗೆ ಬಂದರೆ ಜೀವನವಿಡೀ ಜೊತೆಗಿರುತ್ತವೆ. ಆದರೆ ಓದಿದ ಪುಟದಲ್ಲಿ ಏನಿದೆ, ಏನಿಲ್ಲ ಎಂದು ಬೇರ್ಪಡಿಸಲು ಬಾರದ ಮಗು ಧರ್ಮಶಾಸ್ತ್ರಿಗಳ ಸಾಲಿನಲ್ಲೇ ಉಳಿಯುತ್ತದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಲಿಕೆಯನ್ನು ಉರು ಹೊಡೆಯುವುದರಿಂದ ಬಿಡಿಸಬೇಕು, ಶಾಲೆಯ ಹೊರಗಿನ ಬದುಕಿಗೆ ಜೋಡಿಸಬೇಕು ಎಂದು ಹೇಳಿತು. ಹೇಳಿ ಇಪ್ಪತ್ತು ವರ್ಷ ಕಳೆದರೂ ಈ ಕೆಲಸ ಮುಗಿದಿಲ್ಲ. ಶಾಲೆಯೊಂದೇ ಅದನ್ನು ಮುಗಿಸಲಾರದು. ಮನೆಯೂ ಧರ್ಮಕೇಂದ್ರವೂ ಕೈ ಸೇರಿಸಬೇಕು. ಅದಕ್ಕೆ ಮೂರು ಹೆಜ್ಜೆಗಳನ್ನು ಹೇಳುತ್ತೇನೆ.

ಮೊದಲ ಹೆಜ್ಜೆ: ಬರೆದಿರುವುದು ಏನು?

ಇಂದು ಸಂಜೆ ಮನೆಯಲ್ಲೇ ಒಂದು ಪ್ರಯೋಗ ಮಾಡಿ. ಬೈಬಲ್ ತೆರೆಯುವ ಮೊದಲು ಮಕ್ಕಳನ್ನು ಕೇಳಿ: ಬಂದ ರಾಯರು ಎಷ್ಟು ಜನ? ಹೆಸರೇನು? ಯಾವುದರ ಮೇಲೆ ಬಂದರು? ಎಲ್ಲಿಗೆ ಬಂದರು? ಮೂವರು, ಗಾಸ್ಪರ್, ಮೆಲ್ಕಿಯೋರ್, ಬಾಲ್ತಜಾರ್, ಒಂಟೆಯ ಮೇಲೆ, ದನದ ಕೊಟ್ಟಿಗೆಗೆ ಎಂದು ಉತ್ತರ ಬರುತ್ತದೆ. ಆಮೇಲೆ ಮತ್ತಾಯನ ಎರಡನೆಯ ಅಧ್ಯಾಯದ ಮೊದಲ ಹನ್ನೆರಡು ವಚನಗಳನ್ನು ಪೆನ್ಸಿಲ್ ಹಿಡಿದು ನಿಧಾನವಾಗಿ ಓದಲು ಹೇಳಿ.

ಮೂವರು ಎಂಬ ಸಂಖ್ಯೆ ಅಲ್ಲಿಲ್ಲ. ಕಾಣಿಕೆಗಳು ಮೂರು: ಚಿನ್ನ, ಧೂಪ, ರಕ್ತಬೋಳ. ಅವರು ರಾಜರು ಎಂದು ಬರೆದಿಲ್ಲ. ಹೆಸರುಗಳಿಲ್ಲ, ಒಂಟೆಯೂ ಇಲ್ಲ. ಕೊಟ್ಟಿಗೆಯ ಮಾತಿಲ್ಲ, ಅವರು ಮನೆಯೊಳಕ್ಕೆ ಹೋದರು ಎಂದಿದೆ. ಗೋದಲಿಯಲ್ಲಿ ಮಲಗಿಸಿದ ಮಗುವಿನ ವೃತ್ತಾಂತ ಇರುವುದು ಲೂಕನ ಶುಭಸಂದೇಶದಲ್ಲಿ, ಅಲ್ಲಿ ಬಂದವರು ಕುರುಬರು. ಜ್ಞಾನಿಗಳು ಕಂಡದ್ದು ಮಗುವನ್ನು, ತಾಯಿ ಮರಿಯಳನ್ನು. ಆ ವಚನದಲ್ಲಿ ಸಂತ ಜೋಸೆಫರ ಹೆಸರಿಲ್ಲ. ಇನ್ನೂ ನಾಲ್ಕು ವಚನ ಮುಂದೆ ಓದಿದರೆ, ಹೆರೋದನು ನಕ್ಷತ್ರದ ಕಾಲವನ್ನು ಲೆಕ್ಕ ಹಾಕಿ ಎರಡು ವರ್ಷದೊಳಗಿನ ಗಂಡುಮಕ್ಕಳನ್ನು ಕೊಲ್ಲಿಸಿದ ಎಂದಿದೆ. ಹಾಗಾದರೆ ಯೇಸು ಆಗ ಅಂದೇ ಹುಟ್ಟಿದ ಹಸುಳೆ ಆಗಿರಲೇಬೇಕೆಂದಿಲ್ಲ ಎಂದು ಯೋಚಿಸಲು ಅವಕಾಶವಿದೆ. ಇದು ಬರೆದ ಮಾತಲ್ಲ, ಬರೆದ ಮಾತಿನಿಂದ ನಾವು ಮಾಡಿದ ಊಹೆ. ಈ ಎರಡನ್ನೂ ಬೇರೆ ಬೇರೆ ಇಡಲು ಕಲಿಯುವುದೇ ಸೂಕ್ಷ್ಮ ಓದಿನ ಮೊದಲ ಪಾಠ.

ಹಾಗಾದರೆ ಹಿರಿಯರು ಹೇಳಿದ್ದೆಲ್ಲ ಸುಳ್ಳೇ ಎಂದು ಮಗು ಕೇಳಬಹುದು. ಆ ಪ್ರಶ್ನೆಗೆ ಗದರಬೇಡಿ. ಹುಡುಕಾಟ ಹುಟ್ಟುವುದು ಅಲ್ಲಿಯೇ. ಒಂಟೆಗಳು ಎಲ್ಲಿಂದ ಬಂದವು? ಅದೇ ಹಬ್ಬದ ಪೂಜೆಯ ಮೊದಲ ವಾಚನದಲ್ಲಿ, ಯೆಶಾಯನ 60ನೇ ಅಧ್ಯಾಯದಲ್ಲಿ ಒಂಟೆಗಳಿವೆ, ಚಿನ್ನ ಧೂಪಗಳೂ ಇವೆ. ಅರಸರು ಎಲ್ಲಿಂದ ಬಂದರು? ಅಂದು ಹಾಡುವ 72ನೇ ಕೀರ್ತನೆಯಲ್ಲಿ ಅರಸರು ಕಾಣಿಕೆ ತರುತ್ತಾರೆ. ಧರ್ಮಸಭೆ ಈ ವಾಚನಗಳನ್ನು ಒಟ್ಟಿಗೆ ಧ್ಯಾನಿಸುತ್ತ ಬಂದಂತೆ ಜ್ಞಾನಿಗಳು ರಾಯರಾದರು, ಒಂಟೆ ಏರಿದರು. ಮೂವರು ಎಂಬ ಲೆಕ್ಕವೂ ಮೊದಲಿನಿಂದ ಒಂದೇ ಆಗಿರಲಿಲ್ಲ. ರೋಮಿನ ನೆಲಮಾಳಿಗೆಯ ಸಮಾಧಿಗಳಲ್ಲಿ ಆದಿ ಕ್ರೈಸ್ತರು ಬರೆದ ಚಿತ್ರಗಳಿವೆ. ಸಂತ ಪೇತ್ರ ಮತ್ತು ಮಾರ್ಸೆಲ್ಲಿನರ ಸಮಾಧಿಯ ಒಂದು ಚಿತ್ರದಲ್ಲಿ ಇಬ್ಬರು, ದೊಮಿತಿಲ್ಲಳ ಸಮಾಧಿಯ ಚಿತ್ರದಲ್ಲಿ ನಾಲ್ವರು. ಸಿರಿಯಾದ ಕ್ರೈಸ್ತರ ಪರಂಪರೆಯಲ್ಲಿ ಹನ್ನೆರಡು ಜನ.

ಇದರಿಂದ ಗೋದಲಿಯ ಮೂರು ಬೊಂಬೆಗಳನ್ನು ತೆಗೆದುಹಾಕಬೇಕಾಗಿಲ್ಲ. ಗ್ರಂಥ ಹೇಳಿದ್ದು ಯಾವುದು, ಪರಂಪರೆ ಸೇರಿಸಿದ್ದು ಯಾವುದು, ನಮ್ಮ ಕಲ್ಪನೆ ಯಾವುದು ಎಂದು ಮಗುವಿಗೆ ತಿಳಿದರೆ ಸಾಕು. ತಿಳಿದ ಮಗು ಹಬ್ಬವನ್ನು ಇನ್ನೂ ಹೆಚ್ಚು ಪ್ರೀತಿಸುತ್ತದೆ.

ನಿಧಾನದ ಓದು ನಮಗೆ ಹೊಸತೂ ಅಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಾರ್ಥೂಸಿಯನ್ ಸನ್ಯಾಸಿ ಎರಡನೆಯ ಗ್ವೀಗೋ ದೈವವಾಕ್ಯವನ್ನು ಓದುವುದಕ್ಕೆ ನಾಲ್ಕು ಮೆಟ್ಟಿಲಿನ ಏಣಿಯನ್ನು ಹೇಳಿದರು: ಓದು, ಮನನ, ಪ್ರಾರ್ಥನೆ, ಧ್ಯಾನಪೂರ್ಣ ಮೌನ. ಕೆಳಗಿನ ಮೆಟ್ಟಿಲು ಓದು. ಅದು ಅಲುಗಾಡಿದರೆ ಮೇಲೆ ಹತ್ತುವುದು ಹೇಗೆ? ವಿಜ್ಞಾನದ ಪಾಠಕ್ಕೂ ಸಮಾಜದ ಪಾಠಕ್ಕೂ ಇದೇ ಮಾತು. ಒಂದು ಪುಟವನ್ನು ಮೂರು ಸಲ ಓದಲಿ. ಮೊದಲ ಸಲ ಸುಮ್ಮನೆ. ಎರಡನೆಯ ಸಲ ತಿಳಿಯದ ಪದಕ್ಕೆ ಗೆರೆ ಎಳೆದು, ನಿಘಂಟು ನೋಡಿ. ಮೂರನೆಯ ಸಲ ಓದಿದ ಮೇಲೆ ಪುಸ್ತಕ ಮುಚ್ಚಿ, ತನ್ನದೇ ಮಾತಿನಲ್ಲಿ ನಾಲ್ಕು ಸಾಲು ಬರೆಯಲಿ. ಆ ನಾಲ್ಕು ಸಾಲು ಬರದಿದ್ದರೆ ಓದಿದ್ದು ಕಣ್ಣು ಮಾತ್ರ.

ಎರಡನೆಯ ಹೆಜ್ಜೆ: ಹೇಳುತ್ತಿರುವವರು ಯಾರು?

ಅಮೆರಿಕದ ಶಿಕ್ಷಣತಜ್ಞ ಸ್ಯಾಮ್ ವೈನ್‌ಬರ್ಗ್ 1991ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 1775ರಲ್ಲಿ ಲೆಕ್ಸಿಂಗ್ಟನ್ ಎಂಬಲ್ಲಿ ನಡೆದ ಕಾಳಗದ ಕುರಿತ ಹಳೆಯ ಬರಹಗಳನ್ನು ಎಂಟು ಇತಿಹಾಸಕಾರರಿಗೂ ಎಂಟು ಪ್ರೌಢಶಾಲಾ ವಿದ್ಯಾರ್ಥಿಗಳಿಗೂ ಕೊಟ್ಟು, ಓದುವಾಗ ಮನಸ್ಸಿಗೆ ಬಂದದ್ದನ್ನು ಬಾಯಿಬಿಟ್ಟು ಹೇಳಲು ಕೇಳಿದರು. ವಿದ್ಯಾರ್ಥಿಗಳು ಜಾಣರೇ. ಆದರೆ ಅವರು ಮೊದಲ ಪದದಿಂದ ಕೊನೆಯ ಪದದವರೆಗೆ ನೇರವಾಗಿ ಓದುತ್ತಿದ್ದರು. ಇತಿಹಾಸಕಾರರು ಓದು ಶುರುಮಾಡುವ ಮೊದಲೇ ಬರಹದ ಕೊನೆಗೆ ಕಣ್ಣು ಹಾಯಿಸುತ್ತಿದ್ದರು: ಇದನ್ನು ಬರೆದವನು ಯಾರು? ಯಾವಾಗ? ಯಾವ ಪಕ್ಷದವನು? ಅವರಲ್ಲಿ ಆ ಕಾಳಗವನ್ನು ವಿಶೇಷವಾಗಿ ಅಭ್ಯಾಸ ಮಾಡದವರೂ ಇದ್ದರು. ಹಾಗಾಗಿ ವ್ಯತ್ಯಾಸ ಇದ್ದದ್ದು ಓದುವ ರೂಢಿಯಲ್ಲಿ. ರೂಢಿಯನ್ನು ಕಲಿಸಬಹುದು, ಅದೇ ನಮಗೆ ಸಮಾಧಾನದ ಸಂಗತಿ.

ಅದೇ ವೈನ್‌ಬರ್ಗ್ ತಮ್ಮ ಸಹೋದ್ಯೋಗಿ ಸಾರಾ ಮೆಕ್‌ಗ್ರೂ ಜೊತೆ 2017ರಲ್ಲಿ ಇನ್ನೊಂದು ಅಧ್ಯಯನವನ್ನು ಮುಂದಿಟ್ಟರು. ಈ ಸಲ ಅಂತರ್ಜಾಲದ ಪುಟಗಳನ್ನು ಓದಿದವರು ಹತ್ತು ಇತಿಹಾಸಕಾರರು, ಹತ್ತು ಮಂದಿ ಸುದ್ದಿಯ ಸತ್ಯ ಪರಿಶೀಲಕರು ಮತ್ತು 25 ವಿಶ್ವವಿದ್ಯಾಲಯ ವಿದ್ಯಾರ್ಥಿಗಳು. ಪುಟದ ಅಂದಚೆಂದ, ಗಂಭೀರವಾದ ಹೆಸರು, ಲಾಂಛನ ನೋಡಿ ಪಂಡಿತರಲ್ಲೂ ಕೆಲವರು ಮೋಸಹೋದರು. ಸತ್ಯ ಪರಿಶೀಲಕರು ಮಾತ್ರ ಆ ಪುಟದಲ್ಲಿ ಹೆಚ್ಚು ಹೊತ್ತು ನಿಲ್ಲದೆ, ಬೇರೆ ಪುಟಗಳನ್ನು ತೆರೆದು, ಇದನ್ನು ಬರೆದ ಸಂಸ್ಥೆಯ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ಎಂದು ನೋಡಿದರು. ನೋಡಿ, ಹಳ್ಳಿಯಲ್ಲಿ ಹೆಣ್ಣು ಗಂಡು ನೋಡುವಾಗ ನಮ್ಮ ಹಿರಿಯರು ಮಾಡುತ್ತಿದ್ದದ್ದೂ ಇದನ್ನೇ. ಆ ಮನೆಯವರ ಮಾತನ್ನಷ್ಟೇ ನಂಬದೆ ಅಕ್ಕಪಕ್ಕದ ನಾಲ್ಕು ಮನೆಯಲ್ಲಿ ವಿಚಾರಿಸುತ್ತಿದ್ದರು.

ಇದು ಅಂಕದ ಪ್ರಶ್ನೆಯಷ್ಟೇ ಎಂದುಕೊಳ್ಳಬೇಡಿ. ಪ್ರಾಣದ ಪ್ರಶ್ನೆಯೂ ಹೌದು. 2018ರಲ್ಲಿ ನಮ್ಮ ದೇಶದ ತುಂಬ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಗಾಳಿಸುದ್ದಿ ವಾಟ್ಸಾಪ್‌ನಲ್ಲಿ ಹರಡಿತು. ಜೊತೆಗೆ ಒಂದು ವಿಡಿಯೋ: ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ನಿಜವಾಗಿ ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ತಯಾರಿಸಿದ ಜಾಗೃತಿ ಚಿತ್ರ. ಪೂರ್ತಿ ಚಿತ್ರದಲ್ಲಿ ಅವರು ಮಗುವನ್ನು ಮರಳಿ ತಂದು ಬಿಟ್ಟು, ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಯಾರೋ ಆ ಕೊನೆಯ ಭಾಗವನ್ನು ಕತ್ತರಿಸಿಬಿಟ್ಟರು. ಉಳಿದ ತುಂಡು ಸಾವಿರಾರು ಮನೆಗಳಿಗೆ ಹೋಯಿತು. ಅದೇ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಒಬ್ಬ ಯುವಕನನ್ನು ಮಕ್ಕಳ ಕಳ್ಳನೆಂದು ಜನ ಬಡಿದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಎಂಬಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಪರವೂರಿನ ಗೆಳೆಯರ ಮೇಲೆ ಗುಂಪು ಬಿದ್ದಿತು. ಹೈದರಾಬಾದಿನ ಒಬ್ಬ ಯುವ ಎಂಜಿನಿಯರ್ ಸತ್ತರು.

ಹೊಡೆದವರಲ್ಲಿ ಎಷ್ಟೋ ಜನ ತಮ್ಮ ಮಕ್ಕಳನ್ನು ಕಾಪಾಡುತ್ತಿದ್ದೇವೆ ಎಂದೇ ನಂಬಿರಬಹುದು. ಇದನ್ನು ಕಳಿಸಿದವರು ಯಾರು, ಇದು ಯಾವ ಊರಿನದು, ಇದರ ಮುಂದಿನ ಭಾಗ ಎಲ್ಲಿ ಎಂದು ಆ ಫೋನುಗಳನ್ನು ಹಿಡಿದವರು ಕೇಳಿದ್ದರೆ? ಕೇಳುವ ರೂಢಿ ಹತ್ತನೆಯ ತರಗತಿಯೊಳಗೆ ಬಾರದಿದ್ದರೆ ಅಂಥ ಹೊತ್ತಿನಲ್ಲಿ ಬರಲಾರದು. ಸಿಟ್ಟು ಬಂದಾಗ ಕೈ ಮೊದಲು ಏಳುತ್ತದೆ, ಪ್ರಶ್ನೆ ಆಮೇಲೆ.

ಮೂರನೆಯ ಹೆಜ್ಜೆ: ಹೋಗಿ ನೋಡುವುದು

ಶಾಲೆಯಲ್ಲಿ 'ಪ್ರಾಜೆಕ್ಟ್' ಕೊಟ್ಟಾಗ ನಮ್ಮ ಮನೆಗಳಲ್ಲಿ ನಡೆಯುವುದು ನಿಮಗೆ ಗೊತ್ತು. ಅಂಗಡಿಯಿಂದ ಚಿತ್ರಪಟ, ಸೈಬರ್ ಸೆಂಟರಿನಿಂದ ಪ್ರಿಂಟು, ಬಣ್ಣದ ಕಾಗದದ ಹೊದಿಕೆ. ಈಗ ಇನ್ನೂ ಸುಲಭ. ಮೊಬೈಲಿನಲ್ಲಿ ಕೃತಕ ಬುದ್ಧಿಮತ್ತೆಯ ಆ್ಯಪ್‌ಗೆ ಕೇಳಿದರೆ ಕ್ಷಣದಲ್ಲಿ ಅಚ್ಚುಕಟ್ಟಾದ ಉತ್ತರ. ಅದರಲ್ಲಿ ಸರಿಯಾದ ಮಾತೂ ಇರುತ್ತದೆ, ಇಲ್ಲದ ಪುಸ್ತಕವನ್ನು ಇದೆ ಎಂದು ಹೇಳುವುದೂ ಉಂಟು, ಎರಡೂ ಒಂದೇ ಧೈರ್ಯದ ದನಿಯಲ್ಲಿ. ಅದು ನಮ್ಮ ಕಾಲದ ಧರ್ಮಶಾಸ್ತ್ರಿ. ಊರಿನ ಹೆಸರು ಹೇಳೀತು. ಆ ಒಂಬತ್ತು ಕಿಲೋಮೀಟರ್ ನಾವೇ ನಡೆಯಬೇಕು.

ನಡೆಯುವುದು ಹೇಗೆ? ಒಂದು ಉದಾಹರಣೆ. 'ನಮ್ಮ ಚರ್ಚಿನ ಇತಿಹಾಸ' ಎಂಬ ವಿಷಯ ಕೊಟ್ಟರೆ ಮಗು ಹಬ್ಬದ ಸ್ಮರಣ ಸಂಚಿಕೆಯನ್ನು ನಕಲು ಮಾಡುತ್ತದೆ. ಪ್ರಶ್ನೆಯನ್ನು ಚಿಕ್ಕದು ಮಾಡಿ. 1918ರಲ್ಲಿ ಲೋಕದ ತುಂಬ ಇನ್‌ಫ್ಲುಯೆಂಜಾ ಜ್ವರ ಹಬ್ಬಿ, ಭಾರತದಲ್ಲೇ ಒಂದು ಕೋಟಿಗೂ ಮೀರಿ ಜನ ಸತ್ತರು. ಮೈಸೂರು ಸೀಮೆಯೂ ತತ್ತರಿಸಿತು. 'ಆ ವರ್ಷ ನಮ್ಮ ಧರ್ಮಕೇಂದ್ರದಲ್ಲಿ ಎಷ್ಟು ಸಾವುಗಳಾದವು?' ಇದು ಉತ್ತರ ಹುಡುಕಬಹುದಾದ ಪ್ರಶ್ನೆ. ಹಳೆಯ ಧರ್ಮಕೇಂದ್ರಗಳಲ್ಲಿ ಮರಣ ದಾಖಲೆಯ ಪುಸ್ತಕಗಳಿವೆ. ಗುರುಗಳ ಅನುಮತಿ ಪಡೆದು, ಅವರ ಎದುರಿಗೇ, ಪುಟಗಳಿಗೆ ಗಾಯವಾಗದಂತೆ ನೋಡಲಿ. ಬರಹ ಲತೀನ್ ಭಾಷೆಯಲ್ಲಿರಬಹುದು, ಹೆದರಬೇಕಾಗಿಲ್ಲ. 'ಒಬೀತ್' ಎಂದರೆ ತೀರಿಕೊಂಡರು, 'ಸೆಪುಲ್ತುಸ್' ಎಂದರೆ ಹೂಳಲ್ಪಟ್ಟರು. ಇಂಥ ಹತ್ತು ಪದ ಕಲಿತರೆ ಪುಟ ಬಾಯಿ ಬಿಡುತ್ತದೆ.

ಈಗ 1916, 1917, 1918, 1919, ಈ ನಾಲ್ಕು ವರ್ಷಗಳ ಸಾವುಗಳನ್ನು ತಿಂಗಳು ತಿಂಗಳಾಗಿ ಎಣಿಸಿ ಪಟ್ಟಿ ಮಾಡಲಿ. 1918ನ್ನು ಮಾತ್ರ ಎಣಿಸಿದರೆ ಅದು ಹೆಚ್ಚೋ ಕಡಿಮೆಯೋ ತಿಳಿಯದು. ಹೋಲಿಸಲು ಮಾಮೂಲಿ ವರ್ಷಗಳು ಬೇಕು. ಆಮೇಲೆ ಸಮಾಧಿ ಭೂಮಿಗೆ ಹೋಗಿ ಕಲ್ಲುಗಳನ್ನು ನೋಡಲಿ. ಪುಸ್ತಕದಲ್ಲಿರುವ ಎಷ್ಟೋ ಹೆಸರಿಗೆ ಕಲ್ಲು ಇರುವುದಿಲ್ಲ. ಏಕೆ? ಬಡವರಿಗೆ ಕಲ್ಲು ಹಾಕಿಸುವ ಶಕ್ತಿ ಇರಲಿಲ್ಲವೇ? ಹೊಸ ಪ್ರಶ್ನೆ ಹುಟ್ಟಿತು. ಅಜ್ಜ ಅಜ್ಜಿಯರು ತಮ್ಮ ಹಿರಿಯರಿಂದ ಕೇಳಿದ ಕಥೆಗಳನ್ನು ಬರೆದುಕೊಳ್ಳಲಿ, ಪುಸ್ತಕದ ಲೆಕ್ಕದೊಂದಿಗೆ ಪಕ್ಕದಲ್ಲಿಟ್ಟು ನೋಡಲಿ. 1921ರ ಮೈಸೂರು ಜನಗಣತಿಯ ವರದಿ ಏನು ಹೇಳುತ್ತದೆ ಎಂದು ಗ್ರಂಥಾಲಯದಲ್ಲಿ ಕೇಳಲಿ.

ಕೊನೆಗೆ ಬರೆಯುವಾಗ ಪ್ರಾಮಾಣಿಕತೆ ಬೇಕು. ಪುಸ್ತಕದಲ್ಲಿ ಸಾವಿನ ಕಾರಣ ಬರೆದಿಲ್ಲವಾದರೆ 'ಇವರೆಲ್ಲ ಜ್ವರದಿಂದ ಸತ್ತರು' ಎಂದು ಬರೆಯುವಂತಿಲ್ಲ. 'ಈ ತಿಂಗಳುಗಳಲ್ಲಿ ಸಾವು ಮಾಮೂಲಿಗಿಂತ ಇಷ್ಟು ಪಾಲು ಹೆಚ್ಚು. ಜ್ವರ ಕಾರಣವಾಗಿರಬಹುದು' ಎಂದು ಬರೆಯಬೇಕು. ಆ ಪುಸ್ತಕದಲ್ಲಿ ಇರುವುದು ನಮ್ಮ ಕಥೋಲಿಕರ ಲೆಕ್ಕ ಮಾತ್ರ, ಇಡೀ ಊರಿನದಲ್ಲ ಎಂಬುದನ್ನೂ ಹೇಳಬೇಕು. ತನ್ನ ಸಾಕ್ಷ್ಯ ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೆ ಮಾತ್ರ ಮಾತನಾಡುವುದು ಸಂಶೋಧನೆಯ ಮರ್ಯಾದೆ. 'ಸುಳ್ಳುಸಾಕ್ಷಿ ಹೇಳಬಾರದು' ಎಂಬ ದೇವರ ಆಜ್ಞೆಯನ್ನು ಮಗು ಹೀಗೆ ಪೆನ್ನಿನಲ್ಲೂ ಪಾಲಿಸಲು ಕಲಿಯುತ್ತದೆ.

ನಿಮ್ಮದು ಹೊಸ ಧರ್ಮಕೇಂದ್ರವಾದರೆ ಊರಿನ ಕೆರೆ ಯಾವಾಗ ಬತ್ತಿತು, ಬೀದಿಗೆ ಈ ಹೆಸರು ಹೇಗೆ ಬಂತು, ಶಾಲೆಗೆ ಹೆಣ್ಣುಮಕ್ಕಳು ಯಾವ ವರ್ಷದಿಂದ ಬಂದರು ಎಂದು ಕೇಳಬಹುದು. ಪ್ರಶ್ನೆ ಚಿಕ್ಕದಿರಲಿ, ಸಾಕ್ಷ್ಯ ಎರಡು ಮೂರು ಕಡೆಯಿಂದ ಬರಲಿ.

ಮನೆಯಲ್ಲಿ ನಾವು ಮಾಡಬಹುದಾದದ್ದು

ತಂದೆತಾಯಂದಿರೇ, ಇದಕ್ಕೆ ನೀವು ಹೆಚ್ಚು ಓದಿರಬೇಕಾಗಿಲ್ಲ. ವಾರಕ್ಕೊಮ್ಮೆ, ಸಂಜೆಯ ಜಪಸರ ಮುಗಿದ ಮೇಲೆ, ಮುಂದಿನ ಭಾನುವಾರದ ಶುಭಸಂದೇಶವನ್ನೋ ಪತ್ರಿಕೆಯ ಒಂದು ಸುದ್ದಿಯನ್ನೋ ಮಗು ಗಟ್ಟಿಯಾಗಿ ಓದಲಿ. ನೀವು ಮೂರು ಪ್ರಶ್ನೆ ಕೇಳಿ: ಇದರಲ್ಲಿ ಬರೆದಿರುವುದು ಏನು? ಹೇಳುತ್ತಿರುವವರು ಯಾರು? ಇದು ನಿಜವೆಂದು ತಿಳಿಯಲು ಎಲ್ಲಿಗೆ ಹೋಗಿ ನೋಡಬೇಕು? ಅಕ್ಷರ ಬಾರದ ಅಜ್ಜಿಯೂ ಈ ಮೂರನ್ನು ಕೇಳಬಲ್ಲರು.

ಇನ್ನೊಂದು ಕಷ್ಟದ ಮಾತು. ಮಗು ಪ್ರಶ್ನೆ ಕೇಳಿದಾಗ 'ದೊಡ್ಡವರ ಮುಂದೆ ಬಾಯಿ ಮಾಡಬೇಡ' ಎಂದು ಅಡಗಿಸಬೇಡಿ. ಹನ್ನೆರಡು ವರ್ಷದ ಬಾಲಯೇಸು ದೇವಾಲಯದಲ್ಲಿ ಬೋಧಕರ ನಡುವೆ ಕುಳಿತು, ಅವರ ಮಾತು ಕೇಳುತ್ತ, ಅವರನ್ನು ಪ್ರಶ್ನಿಸುತ್ತಲೂ ಇದ್ದನೆಂದು ಲೂಕನು ಬರೆಯುತ್ತಾನೆ. ಅದು ನಮ್ಮ ಏಳನೆಯ ತರಗತಿಯ ಮಗುವಿನ ವಯಸ್ಸು. ಮೊದಲು ಕೇಳಿಸಿಕೊಳ್ಳುವುದು, ಆಮೇಲೆ ಪ್ರಶ್ನೆ, ಎರಡೂ ಅಲ್ಲಿವೆ. ನಮಗೆ ಉತ್ತರ ಗೊತ್ತಿಲ್ಲದಿದ್ದರೆ 'ನನಗೆ ತಿಳಿಯದು, ಬಾ, ಇಬ್ಬರೂ ಹುಡುಕೋಣ' ಎನ್ನಲು ಸಂಕೋಚವೇಕೆ? ಅಪ್ಪನ ಬಾಯಿಂದ ಆ ಮಾತು ಕೇಳಿದ ಮಗು ಬೆತ್ಲೆಹೇಮಿನ ಅರ್ಧ ದಾರಿ ನಡೆದಂತೆಯೇ.

ಜಾಣತನವೊಂದೇ ಸಾಲದು ಎಂಬುದಕ್ಕೆ ಹೆರೋದನು ಸಾಕ್ಷಿ. ಚೆನ್ನಾಗಿ ಹುಡುಕಲು ಬಲ್ಲವನು ಕೆಟ್ಟದ್ದಕ್ಕೂ ಹುಡುಕಬಲ್ಲ. ಆದ್ದರಿಂದ ಮಕ್ಕಳಿಗೆ ಓದುವ ಕಣ್ಣಿನ ಜೊತೆಗೆ ಮಣಿಯುವ ಮೊಣಕಾಲನ್ನೂ ಕೊಡೋಣ. ಜ್ಞಾನಿಗಳು ಅಷ್ಟು ದೂರ ಬಂದು, ಅಷ್ಟು ವಿಚಾರಿಸಿ, ಕಡೆಗೆ ಸತ್ಯವನ್ನು ಕಂಡಾಗ ಮಾಡಿದ್ದು ಸಾಷ್ಟಾಂಗ ನಮಸ್ಕಾರ.

ನಮ್ಮ ಮಕ್ಕಳು ನಕ್ಷತ್ರವನ್ನು ಗಮನಿಸುವವರಾಗಲಿ, ಕೇಳಲು ನಾಚದವರಾಗಲಿ, ಎದ್ದು ಹೋಗಿ ನೋಡುವವರಾಗಲಿ. ಪರೀಕ್ಷೆ ಬರೆಯುವ ಎಲ್ಲ ಮಕ್ಕಳ ಮೇಲೂ, ಅವರಿಗಾಗಿ ರಾತ್ರಿ ನಿದ್ದೆಗೆಟ್ಟು ಟೀ ಕಾಸಿಕೊಡುವ ತಾಯಂದಿರ ಮೇಲೂ ಪ್ರಭುವಿನ ಬೆಳಕು ಮೂಡಲಿ. ಎಲ್ಲರಿಗೂ ಪ್ರಭು ಪ್ರಕಟಣೆಯ ಹಬ್ಬದ ಶುಭಾಶಯಗಳು.